ಪಟ್ಟಿ ಬರೆದವರು ಯಾರು?

ದುಡಿಯುವವರ ಒಂದು ದಿನವನ್ನು ಎರಡು ಭಾಗ ಮಾಡಿ ನೋಡಿ. ಹಗಲಿನ ಭಾಗದಲ್ಲಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಬರಬೇಕು, ಯಾವ ಮೀಟಿಂಗಿನಲ್ಲಿ ಕೂರಬೇಕು, ಯಾವ ಕೆಲಸ ಮೊದಲು ಮುಗಿಯಬೇಕು, ಯಾರ ಕೈಕೆಳಗೆ ಇರಬೇಕು, ಎಲ್ಲವೂ ಎಲ್ಲೋ ಮೇಲೆ ತೀರ್ಮಾನವಾಗಿ ನಮ್ಮ ಮೇಜಿಗೆ ಇಳಿದು ಬರುತ್ತದೆ. ಸಂಜೆಯಾದರೆ ಸಾಕು, ಅದೇ ಮನುಷ್ಯ ಮಹಾರಾಜ. ಒಂದು ಜೊತೆ ಚಪ್ಪಲಿ ಬೇಕೆಂದರೆ ನೂರಾರು ಬಗೆ ಎದುರಿಗೆ ಬಂದು ನಿಲ್ಲುತ್ತವೆ. ಸಿನಿಮಾ ನೋಡಲು ಕೂತರೆ ನೋಡುವುದಕ್ಕಿಂತ ಹುಡುಕುವುದೇ ಹೆಚ್ಚಾಗುತ್ತದೆ. ಫೋನಿನ ಬೆನ್ನಿಗೆ ಹಾಕುವ ಕವರಿನ ವಿಷಯದಲ್ಲೂ ನಮ್ಮ ಅಭಿರುಚಿ ಏನೆಂದು ವಿನಯದಿಂದ ವಿಚಾರಿಸುವವರಿದ್ದಾರೆ.

ಹಗಲಿಗೆ ಅಷ್ಟು ಕಡಿಮೆ, ಸಂಜೆಗೆ ಇಷ್ಟು ಹೆಚ್ಚು. ಈ ಅಸಮತೋಲನ ತಾನಾಗಿ ಆದದ್ದಲ್ಲ ಎಂಬುದು ನನ್ನ ಅನಿಸಿಕೆ. ಇದರ ಹಿಂದೆ ಒಂದು ಕೊಡು-ಕೊಳ್ಳುವಿಕೆ ನಡೆದಿದೆ. ನಾವು ಹುಟ್ಟುವ ಮೊದಲೇ ನಡೆದದ್ದರಿಂದ ಅದು ನಮಗೆ ಹವಾಮಾನದಷ್ಟು ಸಹಜವಾಗಿ ಕಾಣುತ್ತದೆ, ಅಷ್ಟೆ.

ಆ ವ್ಯಾಪಾರ ಅತಿ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಶುರುವಾಯಿತು. ಅದಕ್ಕೂ ಮೊದಲು ಕಾರು ನಿಂತಿರುತ್ತಿತ್ತು, ಕೆಲಸಗಾರರು ಅದರ ಸುತ್ತ ಓಡಾಡುತ್ತಿದ್ದರು. ಈಗ ಕೆಲಸಗಾರ ನಿಂತ, ಕಾರು ಓಡತೊಡಗಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ, ಅಂದರೆ ಕಾರಿನ ಅಡಿಚೌಕಟ್ಟಿನ, ಜೋಡಣೆ ಸುಮಾರು 93 ನಿಮಿಷಕ್ಕೆ ಇಳಿಯಿತು. ಕಂಪನಿಗೆ ಇದು ಪವಾಡ. ಸಾಲಿನಲ್ಲಿ ನಿಂತವನಿಗೆ ದಿನವಿಡೀ ಅದೇ ನಟ್ಟು, ಅದೇ ತಿರುವು. ಕೈಚಳಕ ಬೇಕಿಲ್ಲ, ತಲೆ ಓಡಿಸುವುದಂತೂ ಬೇಕೇ ಇಲ್ಲ, ಕೆಲಸದ ವೇಗ ಕೂಡ ಅವನ ಕೈಯಲ್ಲಿಲ್ಲ. ಉಳಿದಿದ್ದ ಒಂದೇ ಆಯ್ಕೆಯೆಂದರೆ ಬಿಟ್ಟು ಹೋಗುವುದು. ಅದನ್ನು ಅವರು ಧಾರಾಳವಾಗಿಯೇ ಬಳಸಿದರು. ಹದಿನಾಲ್ಕು ಸಾವಿರ ಜನರ ಪಡೆಯನ್ನು ಭರ್ತಿಯಾಗಿಡಲು ಫೋರ್ಡ್ ಕಂಪನಿ ಆ ಒಂದೇ ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು.

1914ರ ಜನವರಿ 5ರಂದು ಫೋರ್ಡ್ ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದ. ಅದು ಅಂದಿನ ಕೂಲಿಯ ಎರಡರಷ್ಟಕ್ಕಿಂತ ಹೆಚ್ಚು. ಕೆಲಸದ ಅವಧಿ ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಯಿತು. ಗೇಟಿನ ಮುಂದೆ ಸಾವಿರಾರು ಜನ ಜಮಾಯಿಸಿದರು, ಬಿಟ್ಟು ಹೋಗುವವರ ಸಂಖ್ಯೆ ಧಡಾರನೆ ಬಿತ್ತು. ಮಾಲೀಕನ ಔದಾರ್ಯದ ಕಥೆಯಾಗಿ ಇದನ್ನು ಹೇಳುವವರಿದ್ದಾರೆ. ಮಾರುಕಟ್ಟೆ ಸೃಷ್ಟಿಸಿದ ಜಾಣನ ಕಥೆಯಾಗಿ ಹೇಳುವವರೂ ಇದ್ದಾರೆ. ನನಗೆ ಅದು ಒಂದು ಕರಾರಿನಂತೆ ಕಾಣುತ್ತದೆ: ಕೆಲಸದೊಳಗೆ ನಿನ್ನ ಮಾತು ನಡೆಯುವುದಿಲ್ಲ, ಅದಕ್ಕೆ ಬದಲಾಗಿ ಕೆಲಸದ ಹೊರಗೆ ಕೊಳ್ಳುವ ಶಕ್ತಿ ತಗೋ.

ಕೆಲಸದ ಹೊರಗೂ ಪೂರ್ತಿ ಬಿಟ್ಟಿರಲಿಲ್ಲ ಎನ್ನುವುದು ಬೇರೆ ಮಾತು. ಆ ಐದು ಡಾಲರಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ‘ಲಾಭದ ಪಾಲು’. ಅದು ಕೈಗೆ ಸಿಗಬೇಕಾದರೆ ಕೆಲಸಗಾರನ ನಡತೆ ಕಂಪನಿಗೆ ಒಪ್ಪಿಗೆಯಾಗಬೇಕಿತ್ತು. ಅದಕ್ಕೆಂದೇ ಒಂದು ಸಮಾಜಶಾಸ್ತ್ರ ವಿಭಾಗ ತೆರೆದು, ಮನೆ ಚೊಕ್ಕಟವಾಗಿದೆಯೇ, ಕುಡಿತವಿದೆಯೇ, ಉಳಿತಾಯ ಮಾಡುತ್ತಾನೆಯೇ ಎಂದು ಮನೆಮನೆಗೆ ಹೋಗಿ ವಿಚಾರಿಸುವ ತನಿಖೆದಾರರನ್ನು ಇಟ್ಟಿದ್ದರು. ಇಂದು ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮೌಸ್ ಎಷ್ಟು ಹೊತ್ತು ಅಲ್ಲಾಡಿತು ಎಂದು ಲೆಕ್ಕ ಇಡುವ ತಂತ್ರಾಂಶಗಳ ಬಗ್ಗೆ ಓದಿದಾಗ ನನಗೆ ಆ ತನಿಖೆದಾರರೇ ನೆನಪಾಗುತ್ತಾರೆ. ಅವರು ಕನಿಷ್ಠ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದರು.

ಈ ಕಥೆಯ ಎರಡನೇ ಅಧ್ಯಾಯ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆದರೆ ನಮ್ಮ ಇಂದಿನ ಬದುಕಿಗೆ ಅದೇ ಹೆಚ್ಚು ಹತ್ತಿರ. ಫೋರ್ಡ್‌ನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಅಗ್ಗ, ಗಟ್ಟಿ, ಒಂದೇ ಬಗೆ. ಅದರ ಎದುರು ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆಯೇ ದಾಳ ಉರುಳಿಸಿದ. ಪ್ರತಿಯೊಬ್ಬರ ಜೇಬಿಗೂ ಪ್ರತಿಯೊಂದು ಉದ್ದೇಶಕ್ಕೂ ಒಂದು ಕಾರು ಎಂಬುದು 1924ರಲ್ಲಿ ಆ ಕಂಪನಿ ಸಾರಿದ ನೀತಿ. ಅಗ್ಗದ ಶೆವ್ರೊಲೆಯಿಂದ ದುಬಾರಿ ಕ್ಯಾಡಿಲ್ಯಾಕ್‌ವರೆಗೆ ಮೆಟ್ಟಿಲುಗಳು, ಬೇಗ ಒಣಗುವ ಹೊಸ ಬಣ್ಣಗಳು, ಮುಂದೆ ವರ್ಷಕ್ಕೊಂದು ಹೊಸ ರೂಪ. ಕಾರು ಕೆಟ್ಟಿರಬೇಕೆಂದಿಲ್ಲ, ಪಕ್ಕದ ಮನೆಯವರದು ಹೊಸದಾಗಿ ಕಂಡರೆ ಸಾಕು.

ಇದರ ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು. 1919ರಲ್ಲೇ ಜನರಲ್ ಮೋಟರ್ಸ್ ಕಾರು ಕೊಳ್ಳುವವರಿಗೆ ಸಾಲ ಕೊಡಲು ತನ್ನದೇ ಹಣಕಾಸು ಸಂಸ್ಥೆಯನ್ನು ತೆರೆದಿತ್ತು. ಫೋರ್ಡ್‌ಗೆ ಸಾಲವೆಂದರೆ ಆಗದು. 1923ರಲ್ಲಿ ಅವನು ತಂದ ಯೋಜನೆ ನಮ್ಮ ಅಜ್ಜಂದಿರು ಮೆಚ್ಚುವಂಥದ್ದು: ವಾರವಾರ ಐದು ಡಾಲರ್ ಕಟ್ಟುತ್ತಾ ಬನ್ನಿ, ಪೂರ್ತಿ ದುಡ್ಡು ಕೂಡಿದ ಮೇಲೆ ಕಾರು ಒಯ್ಯಿರಿ. ಅದು ನೆಲಕಚ್ಚಿತು. ಈಗಲೇ ಒಯ್ದು ಆಮೇಲೆ ಕಟ್ಟಬಹುದಾದಾಗ ಕಾಯುವವರು ಯಾರು? 1927ರಲ್ಲಿ ಮಾಡೆಲ್ ಟಿ ನಿಂತಿತು. ಮರುವರ್ಷ ಫೋರ್ಡ್ ಕಂಪನಿಯೂ ಸಾಲ ಕೊಡುವ ಸಂಸ್ಥೆ ತೆರೆಯಿತು.

1913ರ ಕೆಲಸಗಾರನ ಕೈಯಲ್ಲಿ ಇದ್ದದ್ದು ಒಂದೇ ಆಯ್ಕೆ, ಬಿಟ್ಟು ಹೋಗುವುದು, ಎಂದೆನಲ್ಲ? ಕಂತು ಬಂದ ಮೇಲೆ ಅದೂ ಸಡಿಲವಾಯಿತು. ಮೂವತ್ತಾರು ತಿಂಗಳ ಇಎಂಐ ಹೆಗಲ ಮೇಲಿರುವವರು ಬಾಸಿನ ಮುಂದೆ ನಿಂತು ‘ಆಗುವುದಿಲ್ಲ’ ಎನ್ನುವ ಮೊದಲು ತಿಂಗಳ ಐದನೇ ತಾರೀಖನ್ನು ನೆನೆಯುತ್ತಾರೆ. ಅಂಗಡಿಯಲ್ಲಿ ಆಯ್ಕೆ ಬೆಳೆದಷ್ಟೂ ಆಫೀಸಿನಲ್ಲಿ ಆಯ್ಕೆ ಕುಗ್ಗುವುದು ಹೀಗೆ. ಇದು ಯಾರೋ ಕೂತು ಹೂಡಿದ ಸಂಚು ಎಂದು ನಾನು ಹೇಳುವುದಿಲ್ಲ. ಸ್ಲೋನ್‌ಗೆ ಕಾರು ಮಾರಬೇಕಿತ್ತು, ಮಾರಿದ. ಆದರೆ ಪರಿಣಾಮಕ್ಕೆ ಸಂಚು ಬೇಕೆಂದೇನೂ ಇಲ್ಲ.

ಇನ್ನು ಆರಿಸುವುದು ಎಂಬ ಕ್ರಿಯೆಯೇ ಒಂದು ದುಡಿಮೆ ಎಂಬುದನ್ನು ನಾವು ಮರೆತಿದ್ದೇವೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದ. ಅಲ್ಲಿಯವರೆಗೆ ಗಿರಾಕಿ ಕೌಂಟರಿನ ಮುಂದೆ ನಿಂತು ಹೇಳಬೇಕು, ಅಂಗಡಿಯ ಆಳು ಒಳಗಿನಿಂದ ತಂದು ತೂಗಿ ಕಟ್ಟಿಕೊಡಬೇಕು. ಸಾಂಡರ್ಸ್ ಗಿರಾಕಿಯನ್ನೇ ಒಳಗೆ ಬಿಟ್ಟ. ಒಳಗೆ ಹೋಗಲು ತಿರುಗುವ ಗೇಟು, ಹೊರಬರಲು ಒಂದೇ ದಾರಿ, ಆ ದಾರಿ ಅಂಗಡಿಯ ಎಲ್ಲ ಸರಕಿನ ಮುಂದೆ ಹಾದು ಹಣ ಕಟ್ಟುವ ಜಾಗಕ್ಕೆ ಬರುತ್ತದೆ. ಈ ವಿನ್ಯಾಸಕ್ಕೆ 1917ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಜನರಿಗೆ ಅದು ಸ್ವಾತಂತ್ರ್ಯದಂತೆ ಕಂಡಿತು, ನಿಜಕ್ಕೂ ಸ್ವಲ್ಪ ಮಟ್ಟಿಗೆ ಸ್ವಾತಂತ್ರ್ಯವೇ. ಬೇಕಾದ್ದನ್ನು ಮುಟ್ಟಿ ನೋಡಬಹುದು, ಆಳಿನ ಮರ್ಜಿ ಕಾಯಬೇಕಿಲ್ಲ. ಆದರೆ ಆಳು ಮಾಡುತ್ತಿದ್ದ ಕೆಲಸ ಮಾಯವಾಗಲಿಲ್ಲ. ಅದು ಸಂಬಳವಿಲ್ಲದೆ ಗಿರಾಕಿಯ ಪಾಲಿಗೆ ಬಂತು.

ಆ ದಾರಿಯಲ್ಲಿ ನಾವು ಬಹಳ ದೂರ ಬಂದಿದ್ದೇವೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರ ಇಟ್ಟಿತು. ಈಗ ವಿಮಾನದ ಸೀಟು ಹುಡುಕುವವರು ನಾವೇ, ಬೋರ್ಡಿಂಗ್ ಪಾಸ್ ಮುದ್ರಿಸುವವರು ನಾವೇ, ಬಿಲ್ಲಿಂಗಿನಲ್ಲಿ ಬಾರ್‌ಕೋಡ್ ತೋರಿಸುವವರೂ ನಾವೇ. ದೂರು ಕೊಡಬೇಕೆಂದರೆ ಒಂದು ಒತ್ತಿ, ಎರಡು ಒತ್ತಿ. ವಿಮೆ ಕೊಳ್ಳಲು ಕೂತವರು ಮೊದಲು ವಿಮಾಶಾಸ್ತ್ರ ಓದಬೇಕು, ಹೂಡಿಕೆ ಮಾಡಲು ಹೊರಟವರು ಅರ್ಧ ಶೇರು ದಲ್ಲಾಳಿಯಾಗಬೇಕು. ಕಾಯಿಲೆ ಬಿದ್ದವರು ಕೂಡ ಆಸ್ಪತ್ರೆಗಳ ನಕ್ಷತ್ರ ಎಣಿಸಿ ಹೋಲಿಸುತ್ತಾರೆ. ತಪ್ಪಾದರೆ ಹೊಣೆಯೂ ನಮ್ಮದೇ: ‘ನೀವೇ ಆರಿಸಿದ್ದಲ್ಲವೇ?’ ವ್ಯಾಪಾರದ ಜಗತ್ತಿನಲ್ಲಿ ಆಯ್ಕೆ ನಮ್ಮ ಕಡೆಗೆ ಹರಿದು ಬಂದಾಗಲೆಲ್ಲ ಅದರ ಹಿಂದೆ ಹೊಣೆಗಾರಿಕೆಯೂ ಸದ್ದಿಲ್ಲದೆ ನಮ್ಮ ಕಡೆಗೇ ಸರಿದಿರುತ್ತದೆ.

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಒಂದು ಪ್ರಯೋಗವಿದೆ. 2000ದಲ್ಲಿ ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ ಪ್ರಕಟಿಸಿದ್ದು: ಇಪ್ಪತ್ತನಾಲ್ಕು ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರು ಹೆಚ್ಚು, ಆರು ಬಗೆ ಇಟ್ಟಾಗ ಕೊಂಡವರು ಹೆಚ್ಚು. ಆಯ್ಕೆ ಹೆಚ್ಚಾದರೆ ಮನುಷ್ಯ ಕಲ್ಲಾಗುತ್ತಾನೆ ಎಂಬ ಮಾತು ಅಲ್ಲಿಂದ ಹಬ್ಬಿತು. ಆದರೆ 2010ರಲ್ಲಿ ಇಂಥ ಐವತ್ತು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದವರಿಗೆ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಸಿಕ್ಕಿತು. ಕೆಲವು ಕಡೆ ಹೆಚ್ಚು ಆಯ್ಕೆ ಕೆಟ್ಟದ್ದು, ಕೆಲವು ಕಡೆ ಒಳ್ಳೆಯದೇ. ಹಾಗಾಗಿ ‘ಅಯ್ಯೋ, ಆಯ್ಕೆ ಜಾಸ್ತಿಯಾಯಿತು’ ಎಂದು ಗೋಳಾಡುವವರ ಗುಂಪಿಗೆ ನಾನಿಲ್ಲ. ಬೇಕಾದ್ದು ಏನೆಂದು ತಿಳಿದವನಿಗೆ ಸಾವಿರ ಬಗೆಯಿದ್ದರೂ ತೊಂದರೆಯಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು 2006ರ ಇನ್ನೊಂದು ಅಧ್ಯಯನ. ಅದರಲ್ಲೂ ಶೀನಾ ಅಯ್ಯಂಗಾರ್ ಇದ್ದರು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳನ್ನು ಅವರು ಗಮನಿಸಿದರು. ಎಲ್ಲಕ್ಕಿಂತ ಉತ್ತಮವಾದದ್ದೇ ಬೇಕು ಎಂದು ಅಳೆದು ಸುರಿದು ಹುಡುಕಿದವರಿಗೆ ಉಳಿದವರಿಗಿಂತ ಶೇಕಡಾ 20ರಷ್ಟು ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಆದರೂ ಸಿಕ್ಕಿದ್ದರ ಬಗ್ಗೆ ಅವರಿಗೇ ತೃಪ್ತಿ ಕಡಿಮೆ. ಬಿಟ್ಟು ಬಂದ ಕೆಲಸಗಳ ನೆನಪು ಹಿಂಬಾಲಿಸುತ್ತಿತ್ತು. ಇದಕ್ಕೆ ಅರ್ಧ ಶತಮಾನದ ಮುಂಚೆಯೇ ಹರ್ಬರ್ಟ್ ಸೈಮನ್ ಮನುಷ್ಯ ನಿಜವಾಗಿ ತೀರ್ಮಾನಿಸುವ ಬಗೆಯನ್ನು ವಿವರಿಸಿದ್ದರು. ಮಾಹಿತಿಗೂ ಸಮಯಕ್ಕೂ ತಲೆಯ ಸಾಮರ್ಥ್ಯಕ್ಕೂ ಮಿತಿಯಿದೆ. ಹಾಗಾಗಿ ‘ಇಷ್ಟು ಇದ್ದರೆ ನಡೆಯುತ್ತದೆ’ ಎಂಬ ಒಂದು ಗೆರೆ ಎಳೆದುಕೊಂಡು, ಅದನ್ನು ದಾಟಿದ ಮೊದಲನೆಯದನ್ನು ಹಿಡಿದು ಮುಂದೆ ಹೋಗುತ್ತೇವೆ. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇಂದಿನ ವ್ಯಾಪಾರಕ್ಕೆ ಸೈಮನ್ನರ ಈ ಗೆರೆ ಕಂಡರೆ ಭಯ. ‘ಸಾಕು’ ಎಂದವರಿಗೆ ಏನನ್ನು ಮಾರುವುದು? ಆದ್ದರಿಂದಲೇ ಕೊಂಡ ಮರುದಿನವೂ ಅದೇ ವಸ್ತುವಿನ ಜಾಹೀರಾತು, ಕೆಲಸಕ್ಕೆ ಸೇರಿದ ಮರುವಾರವೂ ‘ನಿಮಗೆ ಹೊಂದುವ ಹೊಸ ಅವಕಾಶಗಳು’ ಎಂಬ ಮೇಲ್.

ಇತ್ತ ನಾವು ಹೀಗೆ ಆರಿಸುತ್ತಾ ಕೂತಿರುವಾಗ, ನಿಜವಾದ ದುಡ್ಡು ಹರಿಯುವುದು ನಾವು ಆರಿಸದೆ ಬಿಟ್ಟ ಜಾಗದಲ್ಲಿ. ಫೋನಿನಲ್ಲಿ ಯಾವ ಸರ್ಚ್ ಎಂಜಿನ್ ಬೇಕೆಂದು ಬದಲಿಸಿಕೊಳ್ಳುವುದು ಎರಡು ನಿಮಿಷದ ಕೆಲಸ, ಯಾರು ಬೇಕಾದರೂ ಮಾಡಬಹುದು. ಮಾಡುವವರು ಕಡಿಮೆ. ತನ್ನ ಹುಡುಕು ಸೇವೆಯನ್ನು ಆಪಲ್‌ನ ಸಫಾರಿಯಲ್ಲಿ ಮೊದಲೇ ಕೂರಿಸಿಟ್ಟಿರಲು ಗೂಗಲ್ 2022ರ ಒಂದೇ ವರ್ಷದಲ್ಲಿ 2,000 ಕೋಟಿ ಡಾಲರ್ ಕೊಟ್ಟಿದ್ದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಂತು. ಅದೇ ಮೊಕದ್ದಮೆಯಲ್ಲಿ 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಗೂಗಲ್ ಕಡೆಯ ವಾದ ಸರಳ: ಬಳಸುವವರಿಗೆ ಬದಲಿಸುವ ಸ್ವಾತಂತ್ರ್ಯವಿದೆಯಲ್ಲ! ಆ ಸ್ವಾತಂತ್ರ್ಯವನ್ನು ಜನ ನಿಜಕ್ಕೂ ಬಳಸುತ್ತಾರೆ ಎಂದು ಗೂಗಲ್ ನಂಬಿದ್ದರೆ ಅಷ್ಟು ಹಣ ಸುರಿಯುತ್ತಿತ್ತೇ?

ಇದನ್ನೇ ಕೆಲಸದ ಕಡೆಗೆ ತಿರುಗಿಸಿ ನೋಡಿ. ಇತ್ತೀಚೆಗೆ ಕೆಲಸಕ್ಕೂ ಅಂಗಡಿಯ ಭಾಷೆ ಬಂದಿದೆ. ಬೇಕಾದಾಗ ಬನ್ನಿ, ಬೇಡವಾದಾಗ ಆ್ಯಪ್ ಮುಚ್ಚಿ, ನಿಮಗೆ ನೀವೇ ಯಜಮಾನರು. ಉಬರ್ ತನ್ನ ಚಾಲಕರ ಬಗ್ಗೆ ಹೀಗೆಯೇ ವಾದಿಸಿತ್ತು. 2021ರ ಫೆಬ್ರವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಬಾಡಿಗೆ ನಿಗದಿ ಮಾಡುವುದು ಕಂಪನಿ, ಕರಾರಿನ ಷರತ್ತು ಬರೆಯುವುದು ಕಂಪನಿ. ಬಂದ ಸವಾರಿಗಳನ್ನು ಎಷ್ಟು ಸಲ ನಿರಾಕರಿಸಿದರು ಎಂದು ಕಣ್ಣಿಡುವುದೂ ಕಂಪನಿಯೇ, ರೇಟಿಂಗ್ ಬಿದ್ದರೆ ಹೊರಗೆ ಹಾಕುವುದೂ ಅದೇ. ಹೀಗಿರುವಾಗ ಇವರು ಸ್ವಂತ ವ್ಯಾಪಾರಿಗಳಲ್ಲ, ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಗೆ ಹಕ್ಕುಳ್ಳ ಕೆಲಸಗಾರರು ಎಂದಿತು ನ್ಯಾಯಪೀಠ. ಆ ತೀರ್ಪು ನನಗೆ ಹಿಡಿಸಿದ್ದು ಒಂದು ಕಾರಣಕ್ಕೆ. ಎಷ್ಟು ಆಯ್ಕೆಗಳಿವೆ ಎಂದು ಎಣಿಸುತ್ತಾ ಕೂರದೆ, ಯಾವ ಸಂಗತಿಗಳ ಬಗ್ಗೆ ಚಾಲಕನಿಗೆ ಮಾತೇ ಇಲ್ಲ ಎಂದು ಅದು ನೋಡಿತು.

ಸಾಂಪ್ರದಾಯಿಕ ನೌಕರಿಯಲ್ಲಿ ಇರುವವರೂ ಹೆಚ್ಚು ಬೀಗಬೇಕಿಲ್ಲ. ಅಮೆರಿಕದಲ್ಲಿ ಐವರಲ್ಲಿ ಒಬ್ಬ ಕೆಲಸಗಾರ, ಅಂದರೆ ಸುಮಾರು ಮೂರು ಕೋಟಿ ಜನ, ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ ಎಂಬ ಕರಾರಿಗೆ ಒಳಪಟ್ಟಿದ್ದಾರೆ ಎಂದು ಅಲ್ಲಿನ ವ್ಯಾಪಾರ ಆಯೋಗವೇ ಅಂದಾಜಿಸಿತ್ತು. 2024ರಲ್ಲಿ ಅದು ಇಂಥ ಕರಾರುಗಳನ್ನು ನಿಷೇಧಿಸಲು ಹೊರಟಿತು, ಕೆಲವೇ ತಿಂಗಳಲ್ಲಿ ನ್ಯಾಯಾಲಯವೊಂದು ತಡೆಯಿತು. ಕ್ಯಾಲಿಫೋರ್ನಿಯಾದಲ್ಲಂತೂ 1872ರಿಂದಲೂ ಇವು ಊರ್ಜಿತವಲ್ಲ. ಆ ನಾಡಿನಲ್ಲಿ ಹೊಸ ಕಂಪನಿಗಳು ನಾಯಿಕೊಡೆಯಂತೆ ಏಳುವುದಕ್ಕೂ ಇದಕ್ಕೂ ಸಂಬಂಧವಿದೆ ಎನ್ನುವವರಿದ್ದಾರೆ.

ಸರಿ, ಬಿಟ್ಟು ಹೋಗುವ ದಾರಿ ಪೂರ್ತಿ ತೆರೆದೇ ಇದೆ ಎಂದುಕೊಳ್ಳೋಣ. ಅದರಿಂದ ಎಲ್ಲ ಸರಿಹೋಗುತ್ತದೆಯೇ? 1970ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ ಈ ಪ್ರಶ್ನೆ ಎತ್ತಿಕೊಂಡರು. ನೈಜೀರಿಯಾದ ರೈಲ್ವೆಗೆ ಲಾರಿಗಳ ಪೈಪೋಟಿ ಜೋರಾಗಿದ್ದರೂ ಅದು ಸುಧಾರಿಸಲಿಲ್ಲವೇಕೆ ಎಂಬ ಗೊಂದಲ ಅವರನ್ನು ಕಾಡಿತ್ತು. ಉತ್ತರ ಹೀಗೆ: ಗಟ್ಟಿಯಾಗಿ ದೂರುವ, ಗಲಾಟೆ ಮಾಡಿ ಸರಿಪಡಿಸಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ಉಳಿದವರು ಬಾಯಿ ಸತ್ತವರು. ರೈಲ್ವೆ ಆರಾಮವಾಗಿ ಕೆಡುತ್ತಾ ಹೋಯಿತು. ಕೆಟ್ಟ ಮ್ಯಾನೇಜರುಗಳಿರುವ ಆಫೀಸುಗಳಲ್ಲಿ ನಾನು ಕಂಡದ್ದೂ ಇದನ್ನೇ. ಎದುರು ಮಾತಾಡಬಲ್ಲವರಿಗೆ ಹೊರಗೆ ಬೇಗ ಕೆಲಸ ಸಿಗುತ್ತದೆ. ಅವರು ಬೀಳ್ಕೊಡುಗೆಯ ಕೇಕ್ ಕತ್ತರಿಸಿ ಹೋಗುತ್ತಾರೆ. ಹೋಗುವ ದಿನದ ಸಂದರ್ಶನದಲ್ಲಿ ಸೌಜನ್ಯಕ್ಕೆ ‘ಹೊಸ ಸವಾಲು ಬೇಕಿತ್ತು’ ಎನ್ನುತ್ತಾರೆ. ಮ್ಯಾನೇಜರು ಅಲ್ಲೇ ಇರುತ್ತಾರೆ. ಕಂಪನಿ ಬದಲಿಸುವುದನ್ನು ನಾವು ಧೈರ್ಯವೆಂದು ಕೊಂಡಾಡುತ್ತೇವೆ. ಉಳಿದು ಜಗಳವಾಡುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು, ಅದಕ್ಕೆ ಲಿಂಕ್ಡ್‌ಇನ್‌ನಲ್ಲಿ ಅಭಿನಂದನೆಯೂ ಸಿಗುವುದಿಲ್ಲ.

‘ಪ್ರೀತಿಸುವ ಕೆಲಸವನ್ನೇ ಆರಿಸಿಕೊ’ ಎಂಬ ಉಪದೇಶದ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನ. ಕೆಲಸವನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಪ್ರೀತಿ ಇದೆಯೆಂದು ಗೊತ್ತಾದ ಕ್ಷಣ ಎದುರಿನವರ ಲೆಕ್ಕ ಬದಲಾಗುತ್ತದೆ. ಕೆಲವು ವರ್ಷಗಳ ಹಿಂದೆ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದೂ ಅದೇ: ಕೆಲಸದ ಮೇಲೆ ಒಲವಿರುವವರಿಂದ ಸಂಬಳವಿಲ್ಲದ ಹೆಚ್ಚುವರಿ ದುಡಿಮೆ ತೆಗೆಸುವುದು ಜನರಿಗೆ ಅಷ್ಟೇನೂ ಅನ್ಯಾಯವೆನಿಸುವುದಿಲ್ಲ. ‘ಹೇಗೂ ಅವನಿಗೆ ಇಷ್ಟ ತಾನೇ!’ ಶಿಕ್ಷಕರು, ದಾದಿಯರು, ಕಲಾವಿದರು ಈ ವಾಕ್ಯವನ್ನು ಎಷ್ಟು ಸಲ ಕೇಳಿದ್ದಾರೋ.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೆ ಒಂದು ಸಂಗತಿ ಕಾಣತೊಡಗಿದೆ. ದುಡಿಯುವವರ ಬದುಕನ್ನು ನಿಜಕ್ಕೂ ಬದಲಿಸಿದ ಯಾವುದೂ ಯಾರ ಮುಂದೆಯೂ ಆಯ್ಕೆಯಾಗಿ ಬಂದು ನಿಂತಿರಲಿಲ್ಲ. ಎಂಟು ಗಂಟೆಯ ಕೆಲಸವನ್ನೇ ತೆಗೆದುಕೊಳ್ಳಿ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನರಂಜನೆ, ಎಂಟು ಗಂಟೆ ವಿಶ್ರಾಂತಿ ಎಂದು ಬ್ರಿಟನ್ನಿನ ಗಿರಣಿ ಮಾಲೀಕ, ಸುಧಾರಕ ರಾಬರ್ಟ್ ಓವನ್ 1817ರಲ್ಲೇ ಹೇಳಿದ್ದ. ಕಾರ್ಖಾನೆಯ ಒಬ್ಬನೇ ಕೆಲಸಗಾರ ‘ನನಗೆ ಎಂಟು ಗಂಟೆಯದು ಕೊಡಿ’ ಎಂದು ಕೇಳುವಂತಿರಲಿಲ್ಲ, ಕೇಳಿದರೆ ಮರುದಿನ ಅವನ ಜಾಗದಲ್ಲಿ ಬೇರೊಬ್ಬ. ಮನಸ್ಸಿದ್ದ ಒಬ್ಬ ಮಾಲೀಕನಿಗೂ ಪಕ್ಕದ ಕಾರ್ಖಾನೆ ಹನ್ನೆರಡು ಗಂಟೆ ದುಡಿಸುತ್ತಿರುವಾಗ ತಾನೊಬ್ಬನೇ ಎಂಟಕ್ಕೆ ಇಳಿಸುವುದು ಕಷ್ಟ. 1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಗರು ಒಟ್ಟಾಗಿ ಉಳಿ ಕೆಳಗಿಟ್ಟು ಹೊರನಡೆದರು, ಪಡೆದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಪ್ಪಂದವೇ ಕೈಗಾರಿಕೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. ನಡುವೆ ಎಷ್ಟು ಮುಷ್ಕರಗಳು, ಎಷ್ಟು ಸಾವುಗಳು. ಅಂದರೆ ನಮ್ಮ ಮುಂದಿಟ್ಟ ಆಯ್ಕೆಗಳ ಪಟ್ಟಿಯಲ್ಲಿ ಇಲ್ಲದ್ದನ್ನು ಪಟ್ಟಿಗೆ ಸೇರಿಸಲು ಒಬ್ಬೊಬ್ಬರೇ ಬೆರಳು ತೋರಿಸಿದರೆ ಆಗುವುದಿಲ್ಲ.

ಇತ್ತೀಚಿನದನ್ನೂ ನೋಡಬಹುದು. 2022ರ ಜೂನ್‌ನಿಂದ ಡಿಸೆಂಬರ್‌ವರೆಗೆ ಬ್ರಿಟನ್ನಿನ 61 ಸಂಸ್ಥೆಗಳು, ಸುಮಾರು 2,900 ನೌಕರರು, ಸಂಬಳ ಕಡಿತವಿಲ್ಲದೆ ವಾರಕ್ಕೆ ನಾಲ್ಕು ದಿನದ ಕೆಲಸ ಮಾಡಿ ನೋಡಿದರು. ಪ್ರಯೋಗ ಮುಗಿದ ಮೇಲೂ 56 ಸಂಸ್ಥೆಗಳು ಅದನ್ನು ಮುಂದುವರಿಸಿದವು. ಎಷ್ಟು ದುಡ್ಡು ಕೊಟ್ಟರೂ ಐದು ದಿನಕ್ಕೆ ಮರಳಿ ಹೋಗುವುದಿಲ್ಲ ಎಂದವರು ಶೇಕಡಾ 15. ಇದರಲ್ಲಿ ತಾವಾಗಿ ಮುಂದೆ ಬಂದ ಸಂಸ್ಥೆಗಳೇ ಇದ್ದವು, ಹಾಗಾಗಿ ಎಲ್ಲ ಕಡೆ ಹೀಗೆಯೇ ಆಗುತ್ತದೆ ಎನ್ನಲಾಗದು. ಆದರೂ ಆ ಶೇಕಡಾ 15 ನನ್ನನ್ನು ಬಿಡುವುದಿಲ್ಲ. ಅಂಥ ಆಸೆ ತಮ್ಮಲ್ಲಿದೆಯೆಂದು ಅವರಿಗೂ ಮೊದಲು ಗೊತ್ತಿರಲಿಲ್ಲವೇನೋ. ಯಾರೂ ಕೇಳಿರಲಿಲ್ಲವಲ್ಲ.

ಹಾಗಿದ್ದರೆ ಪಟ್ಟಿ ಬರೆಯುವ ಅಧಿಕಾರ ಕೆಲಸಗಾರರ ಕೈಗೇ ಬಂದರೆ? ಸ್ಪೇನಿನ ಬಾಸ್ಕ್ ನಾಡಿನ ಮೊಂದ್ರಾಗೋನ್ ಅದಕ್ಕೆ ದೊಡ್ಡ ಉದಾಹರಣೆ. ಹೋಸೆ ಮರಿಯಾ ಅರಿಸ್ಮೆಂದಿಯರಿಯೆತಾ ಎಂಬ ಪಾದ್ರಿಯ ಶಿಷ್ಯರಾದ ಐವರು ಯುವಕರು 1956ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಬೆಳೆದ ಸಹಕಾರಿಗಳ ಒಕ್ಕೂಟ ಅದು. ಇಂದು ಅಲ್ಲಿ ಸುಮಾರು 70,000 ಜನ ದುಡಿಯುತ್ತಾರೆ. ಸದಸ್ಯರಿಗೆ ತಲೆಗೊಂದು ಮತ, ಮೇಲಿನವರ ಸಂಬಳ ಕೆಳಗಿನವರ ಸಂಬಳದ ಸುಮಾರು ಆರು ಪಟ್ಟಿನ ಮಿತಿಯಲ್ಲಿ. ಇದನ್ನು ಸ್ವರ್ಗವೆಂದು ವರ್ಣಿಸುವ ಬರಹಗಳು ಬೇಕಾದಷ್ಟಿವೆ. ನನಗೆ ಹೆಚ್ಚು ಕಲಿಸುವುದು ಅದರ ಸೋಲು. ಆ ಮೊದಲ ಕಾರ್ಖಾನೆಯೇ ಮುಂದೆ ಫಾಗೋರ್ ಎಂಬ ಗೃಹೋಪಯೋಗಿ ಯಂತ್ರಗಳ ದೊಡ್ಡ ಕಂಪನಿಯಾಯಿತು, ಸಾಲ ಮಾಡಿ ಹೊರದೇಶದ ಕಾರ್ಖಾನೆಗಳನ್ನು ಕೊಂಡಿತು, ಮನೆ ಕಟ್ಟುವವರಿಲ್ಲದ ಆರ್ಥಿಕ ಕುಸಿತದಲ್ಲಿ ಸಿಕ್ಕಿಕೊಂಡಿತು. ಸೋದರ ಸಹಕಾರಿಗಳು ಕೆಲಕಾಲ ಹಣ ಹಾಕಿ ನೋಡಿದವು. 2013ರಲ್ಲಿ ಇನ್ನು ಸಾಧ್ಯವಿಲ್ಲ ಎಂದವು, ಫಾಗೋರ್ ದಿವಾಳಿಯಾಯಿತು. ಕಂಪನಿಯಲ್ಲಿ ಹಣ ತೊಡಗಿಸಿದ್ದ ಸದಸ್ಯರು ಅದನ್ನು ಕಳೆದುಕೊಂಡರು, ಆದರೆ ಅವರಲ್ಲಿ ಹೆಚ್ಚಿನವರಿಗೆ ಒಕ್ಕೂಟದ ಬೇರೆ ಸಹಕಾರಿಗಳಲ್ಲಿ ಕೆಲಸ ಸಿಕ್ಕಿತು, ಕೆಲವರಿಗೆ ಬೇಗ ನಿವೃತ್ತಿ. ಪೋಲೆಂಡ್ ಮತ್ತು ಫ್ರಾನ್ಸಿನ ಕಾರ್ಖಾನೆಗಳಲ್ಲೂ ಫಾಗೋರ್‌ಗಾಗಿ ಸಾವಿರಾರು ಜನ ದುಡಿಯುತ್ತಿದ್ದರು. ಅವರು ಬರೀ ಸಂಬಳದ ನೌಕರರು. ಆ ಕಾರ್ಖಾನೆಗಳನ್ನು ಕೊಳ್ಳುವ ತೀರ್ಮಾನದಲ್ಲಿ ಅವರಿಗೆ ಮತ ಇರಲಿಲ್ಲ, ಮುಳುಗಿದ ಮೇಲೆ ಹೋಗಿ ಸೇರಿಕೊಳ್ಳಲು ಸೋದರ ಸಂಸ್ಥೆಯೂ ಇರಲಿಲ್ಲ.